ಸಾಲೋಟಗಿಯ ಶಾಲೆಯಿಂದ ಥೇಮ್ಸ್ ದಂಡೆಯವರೆಗೆ

ಇಂಡಿ ಪಟ್ಟಣದಿಂದ ಕೆಲವೇ ಮೈಲಿ ದೂರದಲ್ಲಿರುವ ಸಾಲೋಟಗಿ ಇಂದು ಉಳಿದ ಹತ್ತು ಹಳ್ಳಿಗಳಂತೆ ಒಂದು ಹಳ್ಳಿ. ಆದರೆ ಸಾವಿರ ವರ್ಷಗಳ ಹಿಂದೆ ದೂರದೂರದ ನಾಡುಗಳಿಂದ ಹುಡುಗರು ಓದಲೆಂದು ಇಲ್ಲಿಗೆ ಬರುತ್ತಿದ್ದರು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಇಲ್ಲಿನ ಕಂಬದ ಶಾಸನವೇ ಇದನ್ನು ಹೇಳುತ್ತದೆ. ಕೃಷ್ಣನ ಮಂತ್ರಿ ನಾರಾಯಣ ಎಂಬಾತ ಇಲ್ಲಿ ಶಾಲೆಯೊಂದನ್ನು ಕಟ್ಟಿಸಿದ. ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳಿದ್ದವು. ಅಧ್ಯಾಪಕನ ನಿರ್ವಹಣೆಗೆ 50 ನಿವರ್ತನ ಭೂಮಿ, ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿ ಬಿಟ್ಟಿದ್ದರು. ಊರವರು ಮದುವೆ, ಮುಂಜಿವೆಯಂಥ ಶುಭಕಾರ್ಯಗಳಲ್ಲಿ ಶಾಲೆಗೆ ಇಂತಿಷ್ಟು ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯೂ ಇತ್ತು. ಊರಿನ ಹಳೆಯ ಹೆಸರು ಪಾವಿಟ್ಟಗೆ. ಅದಕ್ಕೆ 'ಶಾಲೆ' ಸೇರಿ ಸಾಲೋಟಗಿ ಆಯಿತೆಂಬುದು ವಿದ್ವಾಂಸರ ಊಹೆ.

ಇಂದು ದಾರಿ ತಿರುಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಹಳೆಯ ತಾಲೂಕುಗಳ ಮಕ್ಕಳು ವಿಜಯಪುರ, ಧಾರವಾಡ, ಬೆಂಗಳೂರು ದಾಟಿ ಇಂಗ್ಲೆಂಡ್, ಜರ್ಮನಿ, ಐರ್ಲೆಂಡಿಗೂ ಓದಲು ಹೋಗುತ್ತಿದ್ದಾರೆ. ಹೋದವರು ಶನಿವಾರ, ಭಾನುವಾರ ಯಾವುದೋ ದೊಡ್ಡ ನಗರದ ಮುಂದೆ ನಿಂತು ತೆಗೆಸಿಕೊಂಡ ಚಿತ್ರ ಮೊಬೈಲಿನಲ್ಲಿ ಊರಿಗೆ ಬರುತ್ತದೆ. ಕಟ್ಟೆಯ ಮೇಲೆ ಕುಳಿತವರ ಕೈಯಿಂದ ಕೈಗೆ ಅದು ಸುತ್ತುತ್ತದೆ. ಆಗ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ಯವ್ವಾ, ಓದಾಕ ಹೋಗೀದಿಯೊ, ತಿರಗಾಕ ಹೋಗೀದಿಯೊ?"

ಪ್ರಶ್ನೆ ಸಣ್ಣದಲ್ಲ. ಅದರ ಹಿಂದೆ ಸಾಲದ ಕಾಗದಗಳಿವೆ, ಮಾರಿದ ಹೊಲಗಳಿವೆ. ಆದರೆ 'ದೇಶ ಸುತ್ತಿ ನೋಡು, ಕೋಶ ಓದಿ ನೋಡು' ಎಂದು ಎರಡನ್ನೂ ಒಂದೇ ಗಾದೆಯಲ್ಲಿ ಕಟ್ಟಿದವರೂ ನಮ್ಮ ಹಿರಿಯರೇ. ಹಾಗಾದರೆ ಪರದೇಶದ ವಿದ್ಯಾರ್ಥಿಯ ಈ ಎರಡು ದಿನದ ತಿರುಗಾಟ ಎಂದರೇನು? ಅದರಿಂದ ನಮ್ಮ ಸೀಮೆಗೆ ಸಿಗುವುದಾದರೂ ಏನು?

ವಾರದ ಕೊನೆ ಬಂದದ್ದು ಹೀಗೆ

ವಾರಕ್ಕೆರಡು ದಿನ ಬಿಡುವು ಎಂಬುದು ಹಳೆಯ ಪದ್ಧತಿಯಲ್ಲ. ಇಂಗ್ಲೆಂಡಿನಲ್ಲಿ ಭಾನುವಾರ ಚರ್ಚಿನ ದಿನವಾಗಿ ಮೊದಲಿಂದಲೂ ರಜೆ. ಶನಿವಾರದ ಬಿಡುವು ಬಂದದ್ದು ಗಿರಣಿಗಳಿಂದ. 1850ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಗಳ ಹೆಂಗಸರು ಹಾಗೂ ಎಳೆಯ ಕೆಲಸಗಾರರನ್ನು ಶನಿವಾರ ಮಧ್ಯಾಹ್ನ ಎರಡಕ್ಕೆ ಬಿಡಬೇಕೆಂದು ವಿಧಿಸಿತು. ಅದೇ ಹೊತ್ತಿಗೆ ರೈಲು ಊರೂರಿಗೆ ಹಬ್ಬಿತ್ತು. ಅರ್ಧ ದಿನದ ಬಿಡುವು, ಅಗ್ಗದ ರೈಲು ಎರಡೂ ಕೂಡಿದಾಗ ಸಾಮಾನ್ಯರ ಪ್ರವಾಸ ಹುಟ್ಟಿತು. ಶನಿವಾರ ಪೂರ್ತಿ ರಜೆಯಾದದ್ದು ಇಪ್ಪತ್ತನೆಯ ಶತಮಾನದಲ್ಲಿ.

ನಮ್ಮಲ್ಲಿ ಭಾನುವಾರದ ರಜೆಗೂ ಹೋರಾಟ ಬೇಕಾಯಿತು. ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಪಟ್ಟುಹಿಡಿದ ಮೇಲೆ 1890ರ ಜೂನ್ 10ರಂದು ಮಾಲೀಕರು ವಾರದ ರಜೆಗೆ ಒಪ್ಪಿದರು. ವಿಜಯಪುರ ಸೀಮೆಯ ಒಕ್ಕಲಿಗನಿಗೆ ಮಾತ್ರ ಬಿಡುವಿನ ಲೆಕ್ಕವೇ ಬೇರೆ. ಸೋಮವಾರ ಬಸವಣ್ಣನ ವಾರವೆಂದು ಅನೇಕ ಹಳ್ಳಿಗಳಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಉಳಿದಂತೆ ಸಂತೆಯ ದಿನವೇ ಊರಿನಿಂದ ಹೊರಗೆ ಕಾಲಿಡುವ ದಿನ. ಎತ್ತಿಗೆ ವಾರಕ್ಕೊಂದು ದಿನ ಬಿಡುವು ಬೇಕೆಂದು ಅರಿತ ಜನ, ಓದುವ ಹುಡುಗಿಗೆ ಎರಡು ದಿನ ಬಿಡುವೇಕೆ ಎಂದು ಕೇಳಿದರೆ ಅದಕ್ಕೆ ಕಾರಣ ಬಿಡುವಲ್ಲ, ಖರ್ಚು.

ಖರ್ಚಿನ ಲೆಕ್ಕ

ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಬಹುಪಾಲು ಒಂದೇ ವರ್ಷದ್ದು. ಒಂದು ಪೌಂಡಿನ ಬೆಲೆ ನೂರು ರೂಪಾಯಿ ದಾಟಿದೆ. ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷ ರೂಪಾಯಿಯವರೆಗೆ ಅಡವು ಬೇಕಿಲ್ಲವೆಂಬ ಮಾದರಿ ನಿಯಮವಿದೆ. ಆದರೆ ಪರದೇಶದ ಓದಿಗೆ ಆ ಮೊತ್ತ ಸಾಲದು. ಹೆಚ್ಚಿನ ಸಾಲಕ್ಕೆ ಆಸ್ತಿ ತೋರಿಸಬೇಕು. ಕೃಷಿ ಭೂಮಿಯನ್ನು ಅಡವಾಗಿ ಒಪ್ಪದ ಬ್ಯಾಂಕುಗಳೇ ಹೆಚ್ಚು. ಹತ್ತು ಎಕರೆ ಲಿಂಬಿ ತೋಟವಿದ್ದರೂ ಊರಲ್ಲೊಂದು ಪಕ್ಕಾ ಮನೆ, ಪಟ್ಟಣದಲ್ಲೊಂದು ನಿವೇಶನ ಇಲ್ಲದ ಕುಟುಂಬ ಇಲ್ಲಿ ಸಿಕ್ಕಿಬೀಳುತ್ತದೆ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೆ ಆ ಲಿಂಬೆ ಬೆಳೆಯುವ ನೆಲಕ್ಕೆ ಸಾಲದ ಮೇಜಿನ ಮುಂದೆ ಅಷ್ಟು ಮಾನ್ಯತೆ ಇನ್ನೂ ಇಲ್ಲ.

ಹೋದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಪದವಿ ಓದುವ ವಿದೇಶಿ ವಿದ್ಯಾರ್ಥಿ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಬಾರದು ಎಂಬುದು ಬ್ರಿಟನ್ನಿನ ನಿಯಮ. ಅಂಗಡಿ, ಹೋಟೆಲುಗಳಲ್ಲಿ ಈ ಗಂಟೆಗಳು ಸಿಗುವುದು ಹೆಚ್ಚಾಗಿ ಶನಿವಾರ, ಭಾನುವಾರವೇ. ಹೀಗಾಗಿ ಎರಡು ದಿನ ಊರು ಸುತ್ತುವುದೆಂದರೆ ಟಿಕೇಟಿನ ಹಣದ ಜೊತೆಗೆ ಆ ವಾರದ ಗಳಿಕೆಯನ್ನೂ ಬಿಟ್ಟುಕೊಟ್ಟಂತೆ. ನಮ್ಮ ಕಟ್ಟೆಗೆ ಬಂದ ಒಂದು ನಗುಮುಖದ ಚಿತ್ರದ ಹಿಂದೆ ಹಲವು ವಾರಗಳ ಪಾತ್ರೆ ತೊಳೆದ ದುಡಿಮೆ ಇರುವುದುಂಟು.

ಖರ್ಚು ತಗ್ಗಿಸುವ ದಾರಿಗಳೂ ಇವೆ. ಹದಿನಾರರಿಂದ ಇಪ್ಪತ್ತೈದು ವರ್ಷದವರಿಗೆ, ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಅದಕ್ಕೂ ಮೇಲಿನ ವಯಸ್ಸಿನವರಿಗೆ, ಬ್ರಿಟನ್ನಿನ ರೈಲುಗಳಲ್ಲಿ ಮೂರನೆಯ ಒಂದು ಭಾಗ ರಿಯಾಯಿತಿ ಕೊಡುವ ಕಾರ್ಡು ಸಿಗುತ್ತದೆ. ಬಸ್ಸು ಇನ್ನೂ ಅಗ್ಗ. ಲಂಡನ್ನಿನ ದೊಡ್ಡ ಸಾರ್ವಜನಿಕ ವಸ್ತುಸಂಗ್ರಹಾಲಯಗಳ ಶಾಶ್ವತ ಪ್ರದರ್ಶನಗಳಿಗೆ ಪ್ರವೇಶ ಶುಲ್ಕವಿಲ್ಲ.

ಗಡಿ ದಾಟುವ ಬಗೆ

ಯುರೋಪಿನಲ್ಲಿ ಎಲ್ಲಿ ಓದುತ್ತೀರಿ ಎಂಬುದರ ಮೇಲೆ ಎಲ್ಲಿ ತಿರುಗಬಹುದು ಎಂಬುದು ನಿಂತಿದೆ. ಇಂಡಿಯ ಜನ ಭೀಮೆ ದಾಟಿ ಸೋಲಾಪುರಕ್ಕೆ ಹೋಗಿ ಬಟ್ಟೆ ಖರೀದಿಸಿ ಸಂಜೆಗೆ ಮರಳುತ್ತಾರೆ. ರಾಜ್ಯ ಬದಲಾಗುತ್ತದೆ, ಫಲಕಗಳ ಭಾಷೆ ಬದಲಾಗುತ್ತದೆ, ಆದರೆ ಯಾರೂ ಕಾಗದ ಕೇಳುವುದಿಲ್ಲ. ಇಂಥದೇ ಏರ್ಪಾಡನ್ನು ಯುರೋಪಿನ ದೇಶಗಳು ತಮ್ಮತಮ್ಮೊಳಗೆ ಮಾಡಿಕೊಂಡವು. ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಹಳ್ಳಿಯ ಬಳಿ 1985ರಲ್ಲಿ ಐದು ದೇಶಗಳು ಸಹಿ ಹಾಕಿದ ಒಪ್ಪಂದ 1995ರಿಂದ ಜಾರಿಗೆ ಬಂತು. ಇಂದು ಅದರಲ್ಲಿ 29 ದೇಶಗಳಿವೆ. ಜರ್ಮನಿಯಲ್ಲಿ ಓದುವ ಸಿಂದಗಿಯ ಹುಡುಗ ತನ್ನ ವಾಸದ ಪರವಾನಿಗೆ ಇಟ್ಟುಕೊಂಡೇ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬೆಳಗಾಗುವಷ್ಟರಲ್ಲಿ ಪ್ರಾಗ್ ಅಥವಾ ಪ್ಯಾರಿಸಿನಲ್ಲಿ ಇಳಿಯಬಹುದು.

ಬ್ರಿಟನ್, ಐರ್ಲೆಂಡ್ ಈ ಒಪ್ಪಂದದ ಹೊರಗಿವೆ. ಲಂಡನ್ನಿನಿಂದ ಪ್ಯಾರಿಸಿಗೆ ರೈಲಿನಲ್ಲಿ ಎರಡೂವರೆ ಗಂಟೆಯ ಹಾದಿಯಾದರೂ, ಬ್ರಿಟನ್ನಿನಲ್ಲಿ ಓದುವ ಭಾರತದ ವಿದ್ಯಾರ್ಥಿ ಷೆಂಗೆನ್ ವೀಸಾ ಬೇರೆ ಪಡೆಯಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲ. ಆದರೆ ಹೊರಡುವ ಮುಂಚೆ ಒಂದು ವರ್ಷದ ಜೀವನಕ್ಕಾಗುವಷ್ಟು ಹಣ, 2024ರ ಸೆಪ್ಟೆಂಬರಿನ ನಿಗದಿಯಂತೆ 11,904 ಯೂರೊ, ತನ್ನ ಬಳಿ ಇದೆಯೆಂದು ವಿದ್ಯಾರ್ಥಿ ತೋರಿಸಬೇಕು.

ಮೊದಲು ಹೋದವರು

ಹಿಂದಿನವರಿಗೆ ಹಾದಿ ಇಷ್ಟು ಸಲೀಸಾಗಿರಲಿಲ್ಲ. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿದ ಡಿ.ಸಿ. ಪಾವಟೆ 1920ರ ದಶಕದಲ್ಲಿ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆದರು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಯಾಗಿ, ಪಂಜಾಬಿನ ರಾಜ್ಯಪಾಲರಾಗಿ ಹೆಸರಾದರು. ವಿನಾಯಕ ಕೃಷ್ಣ ಗೋಕಾಕರು 1930ರ ದಶಕದ ಉತ್ತರಾರ್ಧದಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿದರು. ಆಗ ಮುಂಬಯಿಯಿಂದ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಆ ಕಡಲ ಹಾದಿಯ ಅನುಭವದಿಂದ ಕನ್ನಡಕ್ಕೆ 'ಸಮುದ್ರ ಗೀತಗಳು' ಬಂತು. ಅವರ ಯಾತ್ರೆಯ ಫಲ ಅವರೊಬ್ಬರಿಗೇ ಉಳಿಯಲಿಲ್ಲ ಎಂಬುದನ್ನು ಗಮನಿಸಬೇಕು.

ಓದುವ ಮಕ್ಕಳ ಭಾರವನ್ನು ಸಮಾಜ ಹೊರುವ ರೂಢಿಯೂ ಸಾಲೋಟಗಿಯೊಂದಿಗೇ ಮುಗಿದಿರಲಿಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜರು ತಮ್ಮ ದೇಸಗತಿಯ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಬರೆದಿಟ್ಟರು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ಸಾಗರೋತ್ತರ ವಿದ್ಯಾರ್ಥಿವೇತನ ಆರಂಭಿಸಿತು. ರಾಜ್ಯ ಸರ್ಕಾರದ 'ಪ್ರಬುದ್ಧ' ಯೋಜನೆಯೂ ಇದೇ ಉದ್ದೇಶದ್ದು. ಇಂಥ ಯೋಜನೆಗಳ ಸುದ್ದಿ ತಾಲೂಕು ಕಾಲೇಜುಗಳ ಸೂಚನಾ ಫಲಕಕ್ಕೆ ಸಕಾಲದಲ್ಲಿ ಬರುತ್ತದೆಯೇ ಎಂಬುದು ಪ್ರತ್ಯೇಕ ಪ್ರಶ್ನೆ.

ಲಂಡನ್ನಿನಲ್ಲಿ ನಮ್ಮ ಸೀಮೆ

ಬಾಗೇವಾಡಿಯ ವಿದ್ಯಾರ್ಥಿನಿಯೊಬ್ಬಳು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಲಂಡನ್ ಅಲ್ಲಿಂದ ಸುಮಾರು 160 ಕಿಲೋಮೀಟರ್. ವಿಜಯಪುರದಿಂದ ಸಿಂದಗಿಯ ಮೇಲೆ ಕಲಬುರ್ಗಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ರೈಲು ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಿನಲ್ಲಿ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣಕ್ಕೆ ತಂದು ಬಿಡುತ್ತದೆ. ನಿಲ್ದಾಣದ ಮಗ್ಗುಲಲ್ಲೇ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ, ಅದು ಬ್ರಿಟಿಷ್ ಲೈಬ್ರರಿ.

ಆ ಕಟ್ಟಡದೊಳಗೆ ವಿಜಯಪುರವಿದೆ. ಆದಿಲಶಾಹಿ ಅರಸರ ಪುಸ್ತಕಗಳಲ್ಲಿ ಅಳಿದುಳಿದವು ವಿಜಯಪುರದ ಆಸಾರ್ ಮಹಲಿನಲ್ಲಿದ್ದವು. 1848ರಲ್ಲಿ ಸಾತಾರೆಯ ರಾಜ್ಯ ಕಂಪನಿ ಸರ್ಕಾರಕ್ಕೆ ಸೇರಿತು. ಅದರೊಂದಿಗೆ ವಿಜಯಪುರವೂ ಸೇರಿತು. 1853ರಲ್ಲಿ ಆಸಾರ್ ಮಹಲಿನ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳು ಲಂಡನ್ನಿಗೆ ಹೋದವು. ಬಹುಪಾಲು ಅರಬ್ಬಿ ಗ್ರಂಥಗಳು. ಇಂಡಿಯಾ ಆಫೀಸಿನ ಗ್ರಂಥಾಲಯದಲ್ಲಿದ್ದ ಅವು ಆ ಗ್ರಂಥಾಲಯದೊಂದಿಗೆ 1982ರಲ್ಲಿ ಬ್ರಿಟಿಷ್ ಲೈಬ್ರರಿಯ ಪಾಲಾದವು. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ, ದಖನಿ ಭಾಷೆಯ ಪ್ರೇಮಕಾವ್ಯ 'ಪೇಮ್ ನೇಮ್' ಕೂಡ ಬೇರೊಂದು ದಾರಿಯಿಂದ ಬಂದು ಇಲ್ಲಿದೆ. ಅದರಲ್ಲಿ 34 ಚಿತ್ರಗಳಿವೆ. ವಿಜಯಪುರದ ಇನ್ನೊಂದು ಪ್ರಸಿದ್ಧ ಚಿತ್ರಗ್ರಂಥ, 1570ರ ಸುಮಾರಿನ 'ನುಜೂಮ್ ಅಲ್ ಉಲೂಮ್', ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ.

ಒಯ್ಯಲಾಗದೆ ಉಳಿದದ್ದೂ ಉಂಟು. ಮಲಿಕ್-ಎ-ಮೈದಾನ್ ತೋಪನ್ನು ಇಂಗ್ಲೆಂಡಿಗೆ ಸಾಗಿಸುವ ಆಸೆ ಕಂಪನಿ ಅಧಿಕಾರಿಗಳಿಗಿತ್ತು. ಅದರ ಭಾರ 55 ಟನ್ನು. ಅಂದಿನ ರಸ್ತೆಗಳಲ್ಲಿ ಅದು ಸಾಧ್ಯವಾಗಲಿಲ್ಲ. 1854ರಲ್ಲಿ ಹಳೆಯ ಲೋಹವೆಂದು ಹರಾಜಿಗಿಟ್ಟಾಗ ಬಂದ ಕೂಗು 150 ರೂಪಾಯಿ. ಹರಾಜು ಊರ್ಜಿತವಾಗದ್ದರಿಂದ ತೋಪು ನಮಗೆ ಉಳಿಯಿತು.

ಇದೇ ವಿಜಯಪುರದಲ್ಲಿ ಇನ್ನೊಂದು ಬಗೆಯ ಸಂಗ್ರಹವೂ ನಡೆಯಿತು. ವಕೀಲ ಫ.ಗು. ಹಳಕಟ್ಟಿಯವರು (1880-1964) ಮಠ, ಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ತಾಳೆಗರಿಗಳನ್ನು ಹುಡುಕಿ ತಂದು, 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಪ್ರಕಟಿಸಿದರು. ಮುಂದೆ ತಮ್ಮದೇ ಮುದ್ರಣಾಲಯ ಹಾಕಿ ಗಳಿಕೆಯನ್ನೆಲ್ಲ ಅದಕ್ಕೆ ಸುರಿದರು. ಒಂದೇ ಊರಿನ ಒಂದು ಗ್ರಂಥಭಂಡಾರ ಕಡಲಾಚೆ ಹೋಯಿತು, ಇನ್ನೊಂದು ಊರಲ್ಲೇ ಅಚ್ಚಾಗಿ ಕನ್ನಡಿಗರ ಮನೆಮನೆ ಸೇರಿತು. ಸಿಂದಗಿ ತಾಲೂಕಿನಿಂದ ಬಂದ ಸಂಶೋಧಕ ಎಂ.ಎಂ. ಕಲಬುರ್ಗಿಯವರು ಈ ಎರಡು ಲೋಕಗಳನ್ನೂ ಬಲ್ಲವರು. ಊರ ಶಾಸನಗಳನ್ನು ಓದಿದಂತೆಯೇ ಬ್ರಿಟಿಷ್ ಲೈಬ್ರರಿಯ ಕನ್ನಡ ಹಸ್ತಪ್ರತಿಗಳನ್ನೂ ಅಭ್ಯಾಸ ಮಾಡಿ ಬಂದರು.

ದಂಡೆಯ ಮೇಲಿನ ಬಸವಣ್ಣ

ಭಾನುವಾರ ನಮ್ಮ ವಿದ್ಯಾರ್ಥಿನಿ ಎಲ್ಲರಂತೆ ಬ್ರಿಟನ್ನಿನ ಸಂಸತ್ ಭವನ ನೋಡಲು ವೆಸ್ಟ್‌ಮಿನ್‌ಸ್ಟರ್‌ಗೆ ಹೋಗುತ್ತಾಳೆ. ಸೇತುವೆ ದಾಟಿ ಥೇಮ್ಸ್ ನದಿಯ ಆಚೆ ದಂಡೆಯಲ್ಲಿ ಬಲಕ್ಕೆ ಹೊರಳಿ ನಡೆದರೆ ಸೇಂಟ್ ಥಾಮಸ್ ಆಸ್ಪತ್ರೆ, ಲ್ಯಾಂಬೆತ್ ಅರಮನೆ ಸಿಗುತ್ತವೆ. ಮುಂದೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ ಇದೆ. ಲ್ಯಾಂಬೆತ್ ಆಡಳಿತ ಪ್ರದೇಶದ ಮೇಯರ್ ಆಗಿದ್ದ ಕಲಬುರ್ಗಿ ಮೂಲದ ಡಾ. ನೀರಜ್ ಪಾಟೀಲರ ಮುಂದಾಳ್ತನದಲ್ಲಿ ಸ್ಥಾಪನೆಯಾದ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದರು. ಅದಕ್ಕೆ ಎರಡೂವರೆ ತಿಂಗಳ ಮುಂಚೆ, ಆಗಸ್ಟ್ 30ರಂದು, ವಚನಗಳನ್ನೇ ಬಾಳಿನುದ್ದ ಓದಿದ ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಬಾಗಿಲಲ್ಲಿ ಗುಂಡಿಕ್ಕಿ ಕೊಲ್ಲಲಾಗಿತ್ತು. ಪ್ರತಿಮೆಯ ಮುಂದೆ ನಿಂತವರು ಈ ಎರಡು ದಿನಾಂಕಗಳನ್ನೂ ನೆನೆಯುವುದು ಒಳ್ಳೆಯದು.

ಲಂಡನ್ನಿನಲ್ಲಿ ಬಸವಣ್ಣನವರ ಮಾತು ಬಂದಾಗಲೆಲ್ಲ 1215ರ ಮ್ಯಾಗ್ನಾ ಕಾರ್ಟಾದ ಹೋಲಿಕೆ ಬರುತ್ತದೆ. ಅದಕ್ಕಿಂತ ಮೊದಲೇ ನಮ್ಮಲ್ಲಿ ಅನುಭವ ಮಂಟಪವಿತ್ತು ಎಂಬ ಹೆಮ್ಮೆ ಸಹಜ. ಆದರೆ ಎರಡೂ ಒಂದೇ ಜಾತಿಯ ವಸ್ತುಗಳಲ್ಲ. ಮ್ಯಾಗ್ನಾ ಕಾರ್ಟಾ ಜಾನ್ ದೊರೆಗೂ ಅವನ ಸರದಾರರಿಗೂ ನಡುವಿನ ಕರಾರು. ಜಮೀನಿಗೆ ಕಟ್ಟಿಹಾಕಿಸಿಕೊಂಡಿದ್ದ ರೈತನಿಗೆ ಅದರಿಂದ ದಕ್ಕಿದ್ದು ಕಡಿಮೆ. ಅದು ಲಿಖಿತ ಕಾನೂನಾಗಿ ಉಳಿದು, ಮುಂದಿನವರು ಅದನ್ನು ಹಿಡಿದು ವಾದಿಸುತ್ತ ಹೋದದ್ದರಿಂದ ಬೆಳೆಯಿತು. ಕಲ್ಯಾಣದ ಶರಣರು ಕಾನೂನು ಬರೆಯಲಿಲ್ಲ. ಅವರ ಕೂಟದಲ್ಲಿ ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ, ಅಕ್ಕಮಹಾದೇವಿ ಮಾತಾಡಿದರು. ಮಂಟಪದ ಸ್ವರೂಪದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ವಚನಗಳಲ್ಲಿ ಕೇಳುವ ಈ ದನಿಗಳ ಬಗ್ಗೆ ಚರ್ಚೆಯಿಲ್ಲ. ಇಂಗ್ಲೆಂಡಿನ ಕರಾರು ದೊರೆಯ ಕೈ ಕಟ್ಟಿತು, ಕಲ್ಯಾಣದ ಕೂಟ ಬಾಯಿ ಕಟ್ಟಿಸಿಕೊಂಡವರಿಗೆ ಮಾತು ಕೊಟ್ಟಿತು. 1215ರ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಎರಡು ಬ್ರಿಟಿಷ್ ಲೈಬ್ರರಿಯಲ್ಲೇ ಇವೆ. ಒಂದೇ ಪ್ರವಾಸದಲ್ಲಿ ಎರಡನ್ನೂ ಕುರಿತು ಯೋಚಿಸುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಹೊತ್ತಿದ್ದರೆ ಸೇಂಟ್ ಪಾಲ್ ಚರ್ಚನ್ನೂ ನೋಡಬಹುದು. 1710ರ ಹೊತ್ತಿಗೆ ಪೂರ್ಣಗೊಂಡ ಅದರ ಗುಮ್ಮಟದೊಳಗೂ ಪಿಸುಮಾತು ಸುತ್ತಿ ಬರುವ ಮೊಗಸಾಲೆ ಇದೆ. ಅದಕ್ಕಿಂತ ಅರ್ಧ ಶತಮಾನ ಮೊದಲು, 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲಶಾಹನಿಗಾಗಿ ಎದ್ದ ನಮ್ಮ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಸೇಂಟ್ ಪಾಲ್ ಗುಮ್ಮಟ ಅದಕ್ಕಿಂತ ಚಿಕ್ಕದು. ಗೋಳಗುಮ್ಮಟ ನೋಡಿ ಬೆಳೆದವಳು ಅಲ್ಲಿ ಬೆರಗಾಗಬಹುದು, ಕೀಳರಿಮೆಪಡಬೇಕಿಲ್ಲ.

ಮರಳಿ ಬಂದಾಗ

ಊರು ಬಿಟ್ಟು ಓದಲು ಹೋಗುವುದು ಬಾಗೇವಾಡಿಗೆ ಹೊಸದಲ್ಲ. ಎಳೆಯ ಬಸವಣ್ಣ ಉಪನಯನ ಒಲ್ಲೆನೆಂದು ಮನೆ ಬಿಟ್ಟು ಕೃಷ್ಣೆ ದಾಟಿ ಕೂಡಲಸಂಗಮದಲ್ಲಿ ವಿದ್ಯೆ ಕಲಿತರೆಂಬುದು ಪರಂಪರೆ. ಸಾಲೋಟಗಿಯ ಶಾಲೆ ದೊಡ್ಡದಾಗಿದ್ದರೂ ಅದು ಬ್ರಾಹ್ಮಣ ವಟುಗಳ ಶಾಲೆ. ಒಕ್ಕಲಿಗನ ಮಗನಿಗೆ, ಯಾವ ಮನೆಯ ಮಗಳಿಗೂ ಅಲ್ಲಿ ಜಾಗವಿರಲಿಲ್ಲ. ಅದರ ಖರ್ಚನ್ನು ಮಾತ್ರ ಸೀಮೆಯ ನೆಲ ಹೊತ್ತಿತ್ತು. ಇಂದು ಒಳಗೆ ಕಾಲಿಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಖರ್ಚು ಒಂದೊಂದು ಮನೆಯ ತಲೆಯ ಮೇಲೆ ಬಿದ್ದಿದೆ. ಅದಕ್ಕೇ ಮಗಳ ಎರಡು ದಿನದ ತಿರುಗಾಟವೂ ತಂದೆಗೆ ದುಬಾರಿಯಾಗಿ ಕಾಣುತ್ತದೆ.

ಈ ಭಾರವನ್ನು ಹಂಚಿಕೊಳ್ಳಲು ಸರ್ಕಾರ, ಬ್ಯಾಂಕು, ಶಿಕ್ಷಣ ಸಂಸ್ಥೆಗಳು ಮಾಡಬೇಕಾದ್ದು ಬಹಳಷ್ಟಿದೆ. ಹೋದ ಮಕ್ಕಳಿಂದ ಆಗುವುದೂ ಸ್ವಲ್ಪ ಇದೆ. ಗ್ರಂಥಾಲಯದಲ್ಲಿ ಓದುಗರ ಚೀಟಿ ಮಾಡಿಸಿ ವಿಜಯಪುರದ ಒಂದು ಹಸ್ತಪ್ರತಿಯನ್ನು ಕಣ್ಣಾರೆ ಕಂಡು ಬಂದವರು, ರಜೆಗೆ ಊರಿಗೆ ಬಂದಾಗ ತಾವು ಓದಿದ ಹೈಸ್ಕೂಲಿನ ಮಕ್ಕಳ ಮುಂದೆ ಒಂದು ತಾಸು ಮಾತಾಡಬಹುದು. ವಿದ್ಯಾರ್ಥಿವೇತನದ ಅರ್ಜಿ ತುಂಬುವುದು ಹೇಗೆಂದು ಇಬ್ಬರಿಗೆ ತೋರಿಸಿಕೊಡಬಹುದು. ಹಾಗೆ ಮಾಡಿದಾಗ "ಓದಾಕ ಹೋಗೀದಿಯೊ, ತಿರಗಾಕ ಹೋಗೀದಿಯೊ" ಎಂದು ಕೇಳಿದ ಹಿರಿಯರಿಗೆ ಎರಡೂ ಒಂದೇ ಕೆಲಸವೆಂದು ತಿಳಿಯಲು ತಡವಾಗದು.